ಗೆಳೆಯನಿಗೊಂದು ಪತ್ರ: ಮೊದಲು ಟೇಪು, ಆಮೇಲೆ ಫಿಲ್ಮು

ಮಾರಾಯ,

ಆಸ್ಟಿನ್‌ನಲ್ಲಿ ನಿನ್ನ ಕೈಗೆ ಬಂದ 16 ಎಂಎಂ ಡಬ್ಬಿಗಳನ್ನು ಅವಸರಪಟ್ಟು ಸ್ಕ್ಯಾನಿಂಗಿಗೆ ಕಳಿಸಬೇಡ. ನೀನು ಮಾಡಹೊರಟಿರೋದು 70ರ ದಶಕದಲ್ಲಿ ರೆಕಾರ್ಡ್ ಕಂಪನಿಗಳ ಕಟ್ಟುಪಾಡು ಮೀರಿದ ಅಮೆರಿಕದ ಹಳ್ಳಿಸೊಗಡಿನ ಸಂಗೀತ, ಅಂದರೆ ಔಟ್‌ಲಾ ಕಂಟ್ರಿಯ ಮೊದಲ ದಿನಗಳ ಡಾಕ್ಯುಮೆಂಟರಿ. ಆ ಹಾಡುಗಳು ಇರೋದು ಫಿಲ್ಮಿನಲ್ಲಲ್ಲ, ಜೊತೆಗಿರುವ ಕಾಲು ಇಂಚು ಅಗಲದ ಧ್ವನಿ ಟೇಪಿನಲ್ಲಿ.

ಆಗ ಕ್ಯಾಮೆರಾಕ್ಕೆ ಹಾಕುತ್ತಿದ್ದ 400 ಅಡಿ ರೋಲು 11 ನಿಮಿಷಕ್ಕೆ ಖಾಲಿ. ಧ್ವನಿ ಹಿಡಿಯಲು ಜೊತೆಗೆ ಒಯ್ಯುತ್ತಿದ್ದ ನಾಗ್ರಾ ರೆಕಾರ್ಡರು ಸೆಕೆಂಡಿಗೆ ಏಳೂವರೆ ಇಂಚಿನಂತೆ ಓಡಿದರೆ 600 ಅಡಿ ಟೇಪಿಗೆ 16 ನಿಮಿಷ. ಅಂದರೆ ಫಿಲ್ಮ್ ಮುಗಿದ ಮೇಲೂ ಟೇಪು ಓಡಿರುವ ಸಾಧ್ಯತೆ ಇದೆ. ಚಿತ್ರವಿಲ್ಲದ ಆ ತುಣುಕುಗಳನ್ನು ಎಸೆಯಬೇಡ.

ಅವನ್ನು ಎಲ್ಲಿ ಬಳಸಬೇಕು ಅಂದರೆ, ಜೇಮ್ಸ್ ಸಲಾಪ್ಸ್ಕಿ 1975ರ ಕೊನೆಗೆ ಶುರುಮಾಡಿ ಚಿತ್ರೀಕರಿಸಿದ ‘ಹಾರ್ಟ್‌ವಾರ್ನ್ ಹೈವೇಸ್’ ಇನ್ನೊಮ್ಮೆ ನೋಡು. ಅದರಲ್ಲಿ ಗಾಯಕ ಟೌನ್ಸ್ ವ್ಯಾನ್ ಝಾಂಟ್ ಅಡುಗೆಮನೆಯಲ್ಲಿ ಕೂತು ಹಾಡುತ್ತಾನೆ. ನೆನಪಲ್ಲಿ ಉಳಿಯೋದು ಹಿಂದಿರುವ ಮುದಿ ಕಮ್ಮಾರ ಸೆಮೂರ್ ವಾಷಿಂಗ್ಟನ್ ಮುಖ, ಕೆನ್ನೆ ಮೇಲಿನ ಕಣ್ಣೀರು. ಗಿಟಾರ್ ಮೀಟುವ ಕೈ ತೋರಿಸಿದರೆ ಧ್ವನಿ ಎರಡು ಫ್ರೇಮ್ ಆಚೀಚೆಯಾದರೂ ಕಣ್ಣಿಗೆ ಹೊಡೆಯುತ್ತೆ. ಕೇಳುವವನ ಮುಖಕ್ಕೆ ಆ ಕಾಟವಿಲ್ಲ, ಚಿತ್ರವಿಲ್ಲದ ಹಾಡನ್ನು ಅಂಥ ಮುಖದ ಮೇಲೆ ಹಾಕು.

ಈಗ ಟೇಪಿನ ವಿಷಯ. ಪ್ಲೇಯರಿಗೆ ಹಾಕೋ ಮುಂಚೆ ಸುರುಳಿಯನ್ನು ಬೆಳಕಿಗೆ ಹಿಡಿ. ಬೆಳಕು ಹಾದು ಬಂದರೆ ಅದು ಅಸಿಟೇಟ್, ಯಾವ ಕಾರಣಕ್ಕೂ ಬಿಸಿ ಮಾಡಬೇಡ. ಬೆಳಕು ಬರದಿದ್ದರೆ ಪಾಲಿಯೆಸ್ಟರ್. 70ರ ದಶಕದ ಕೆಲವು ಪಾಲಿಯೆಸ್ಟರ್ ಟೇಪುಗಳಲ್ಲಿ ಅಂಟು ತೇವ ಹೀರಿಕೊಂಡಿರುತ್ತೆ. ಓಡಿಸಿದರೆ ಕಿರ್ರ್ ಅನ್ನುತ್ತೆ, ಪ್ಲೇಯರಿನಲ್ಲಿ ಟೇಪನ್ನು ಓದುವ ಹೆಡ್ಡಿಗೆ ಕಂದು ಮಡ್ಡಿ ಮೆತ್ತುತ್ತೆ. ಆ ಮಡ್ಡಿಯೇ ನಿನ್ನ ಹಾಡು, ತಕ್ಷಣ ನಿಲ್ಲಿಸು. ಇಂಥದ್ದನ್ನು ಸುಮಾರು 54 ಡಿಗ್ರಿ ಸೆಲ್ಸಿಯಸ್‌ನಲ್ಲಿ ಎಂಟು ಗಂಟೆ ಒಣಗಿಸಿ, ಪೂರ್ತಿ ತಣಿಸಿ, ಕೆಲವೇ ದಿನಗಳೊಳಗೆ ಕಾಪಿ ಮಾಡಿಸಬೇಕು. ಅಡುಗೆಯ ಓವನ್ ನಂಬಬೇಡ, ಅದರ ಶಾಖ ಏರಿಳಿಯುತ್ತೆ.

ಕಾಪಿ ಮಾಡುವ ಸ್ಟುಡಿಯೋಗೆ ಕೇಳಬೇಕಾದ್ದು ಒಂದೇ: ಪೈಲಟ್ ಟೋನ್ ಓದುವ ಹೆಡ್ ಇದೆಯಾ? ಸಿಂಕ್‌ಗೆ (ಚಿತ್ರಕ್ಕೆ ಧ್ವನಿ ಹೊಂದಿಸೋಕೆ) ಅಂತಲೇ ಟೇಪಿನಲ್ಲಿ 60 ಹರ್ಟ್ಸ್‌ನ ಈ ಸಂಕೇತ ಇರುತ್ತೆ. ಅದನ್ನು ಬಿಟ್ಟು ಕಾಪಿ ಮಾಡಿದರೆ ವೇಗ ಅಂದಾಜಿನದ್ದು. ಇನ್ನೊಂದು ಅಪಾಯ: ಸೆಕೆಂಡಿಗೆ 24 ಫ್ರೇಮಿನ ಫಿಲ್ಮನ್ನು 23.976ಕ್ಕೆ ಸ್ಕ್ಯಾನ್ ಮಾಡಿ ಧ್ವನಿಯನ್ನು ಹಾಗೇ ಬಿಟ್ಟರೆ, 4 ನಿಮಿಷದ ಹಾಡಿನ ಕೊನೆಗೆ ಸುಮಾರು 6 ಫ್ರೇಮ್ ತಪ್ಪುತ್ತೆ. ಶುರುವಲ್ಲಿ ಸರಿಯಾಗಿದ್ದ ತುಟಿ ಕೊನೆಯಲ್ಲಿ ಡಬ್ಬಿಂಗ್ ಸಿನಿಮಾದಂತೆ ಕಾಣುತ್ತೆ. ಚಿತ್ರ-ಧ್ವನಿ ಹೊಂದಿಸೋಕೆ ಶಾಟಿನ ಶುರುವಲ್ಲಿ ಹೊಡೆಯುವ ಕ್ಲಾಪ್ ಹಲಗೆ ಸಿಗದಿದ್ದರೆ ಶಾಟಿನ ಬಾಲ ನೋಡು. ತಲೆಕೆಳಗಾಗಿ ಹಿಡಿದ ಕ್ಲಾಪ್ ಇದ್ದೀತು. ಹಾಡುವವರ ಮುಖಕ್ಕೆ ಹಲಗೆ ಬಡಿಯೋದು ಬೇಡ ಅಂತ ಕೊನೆಗೆ ಹೊಡೆಯುತ್ತಿದ್ದರು.

ಫಿಲ್ಮಿಗೆ ವಿನಿಗರ್ ವಾಸನೆ ಬಂದರೆ ಅದು ಹಾಳಾಗುತ್ತಿದೆ ಅಂತ ಅರ್ಥ, ಆ ಡಬ್ಬಿ ಬೇರೆ ಇಡು, ಪ್ರೊಜೆಕ್ಟರಿಗೆ ಹಾಕಬೇಡ. ಕುಗ್ಗಿದ ಫಿಲ್ಮಿನ ತೂತುಗಳು ಹರಿಯುತ್ತವೆ.

ಹಕ್ಕಿನ ವಿಷಯ ಚಿಕ್ಕದು, ಖರ್ಚು ದೊಡ್ಡದು. ದೃಶ್ಯ ನಿನ್ನದಾದರೂ ಹಾಡು ಪಬ್ಲಿಷರ್‌ದು. ಹಿಂದೆ ಜೂಕ್‌ಬಾಕ್ಸ್ ಹಾಡುತ್ತಿದ್ದರೆ ರೆಕಾರ್ಡ್ ಕಂಪನಿಗೂ ಕೊಡಬೇಕು. ಮೇಲೆ ಹೇಳಿದ ಅದೇ ಸಿನಿಮಾದಲ್ಲಿ ಗಾಯಕ ಗೈ ಕ್ಲಾರ್ಕ್ ಮನೆಯ ಕ್ರಿಸ್ಮಸ್ ಕೂಟದಲ್ಲಿ ಎಲ್ಲರೂ ‘ಸೈಲೆಂಟ್ ನೈಟ್’ ಹಾಡ್ತಾರಲ್ಲ, 1818ರ ಹಾಡು, ಅದಕ್ಕೆ ಯಾರೂ ಬಿಲ್ ಕಳಿಸಲ್ಲ.

1976ರ ಜನವರಿಯಲ್ಲಿ ಬಂದ ‘ವಾಂಟೆಡ್! ದ ಔಟ್‌ಲಾಸ್’ ಹತ್ತು ಲಕ್ಷ ಪ್ರತಿ ಮಾರಾಟದ ಪ್ಲಾಟಿನಂ ಮನ್ನಣೆ ಪಡೆದ ಮೊದಲ ಕಂಟ್ರಿ ಆಲ್ಬಂ. ಅದಕ್ಕೂ ಮುಂಚಿನ ಡಬ್ಬಿಗಳ ಮೇಲೆ ಗಾಯಕರ ಹೆಸರಿಲ್ಲದೆ ಬರೀ ಬಾರಿನ ಹೆಸರೋ ತಾರೀಖೋ ಇದ್ದರೆ ಆಶ್ಚರ್ಯವಿಲ್ಲ. ಹಳೇ ಲೇಬಲ್ ಅಂಟು ಬಿಟ್ಟು ಉದುರುತ್ತೆ. ಮುಚ್ಚಳ ತೆಗೆಯೋ ಮುಂಚೆ ಪ್ರತಿ ಡಬ್ಬಿಯ ಫೋಟೋ ತೆಗೆದು ಕಳಿಸು.

ನಿನ್ನವ