ಬುದ್ಧ ಪೂರ್ಣಿಮೆಯಂದು ವಿದೇಶಿ ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯೋಣ

ಮಾನ್ಯ ಸಂಪಾದಕರೇ,

ಪುಣೆ, ಮುಂಬಯಿಗಳ ಕನ್ನಡ ಸಂಘಗಳು ಯುಗಾದಿ, ಬಸವ ಜಯಂತಿ, ದಸರಾ, ರಾಜ್ಯೋತ್ಸವಗಳನ್ನು ಶ್ರದ್ಧೆಯಿಂದ ಆಚರಿಸುವ ಸುದ್ದಿಯನ್ನು ತಮ್ಮ ಪತ್ರಿಕೆಯಲ್ಲಿ ವರ್ಷವಿಡೀ ಓದುತ್ತಿರುತ್ತೇನೆ. ಈ ಸಾಲಿಗೆ ಬುದ್ಧ ಪೂರ್ಣಿಮೆಯೂ ಸೇರಬೇಕು, ಆ ದಿನ ನಮ್ಮ ನಗರಗಳಲ್ಲಿ ಓದುತ್ತಿರುವ ಬೌದ್ಧ ದೇಶಗಳ ವಿದ್ಯಾರ್ಥಿಗಳನ್ನು ನಾವು ಮನೆಗೆ ಕರೆಯಬೇಕು ಎಂದು ಕೋರಲು ಈ ಪತ್ರ ಬರೆಯುತ್ತಿದ್ದೇನೆ.

ಬೌದ್ಧ ಗ್ರಂಥಗಳ ಭಾಷೆಯಾದ ಪಾಲಿಯನ್ನು ಕಲಿಸುವ ಪುಣೆ ವಿಶ್ವವಿದ್ಯಾಲಯದ ವಿಭಾಗಕ್ಕೆ ಥಾಯ್ಲೆಂಡ್, ಮ್ಯಾನ್ಮಾರ್, ವಿಯೆಟ್ನಾಂಗಳಿಂದ ಭಿಕ್ಷುಗಳೂ ಗೃಹಸ್ಥರೂ ಓದಲು ಬರುತ್ತಾರೆ. ವೈಶಾಖದ ಹುಣ್ಣಿಮೆ ಬರುವುದು ಪರೀಕ್ಷೆಯ ಹೊತ್ತಿನಲ್ಲಿ. ನಮ್ಮ ಮಕ್ಕಳೆಲ್ಲ ಊರಿಗೆ ಹೋಗುವ ಸಿದ್ಧತೆಯಲ್ಲಿರುವಾಗ ಈ ವಿದ್ಯಾರ್ಥಿಗಳು ತಮ್ಮ ಅತಿ ದೊಡ್ಡ ಹಬ್ಬವನ್ನು ಹಾಸ್ಟೆಲಿನ ಕೋಣೆಯಲ್ಲಿ ಕಳೆಯಬೇಕಾಗುತ್ತದೆ.

ಪರದೇಶದಲ್ಲಿ ಓದುವವರಿಗೆ ಹಬ್ಬದ ದಿನ ಒಂದು ಮನೆ ಸಿಕ್ಕರೆ ಏನಾಗುತ್ತದೆಂಬುದನ್ನು ನಾನು ಅನುಭವದಿಂದ ಬಲ್ಲೆ. ಶ್ರೀಲಂಕಾದ ಕೆಲಣಿಯದಲ್ಲಿ ಸ್ನಾತಕೋತ್ತರ ಓದುತ್ತಿದ್ದಾಗ ಸಹಪಾಠಿಯೊಬ್ಬಳು ವೆಸಾಕ್ ಹಬ್ಬಕ್ಕೆ ನನ್ನನ್ನೂ ಇನ್ನಿಬ್ಬರು ಗೆಳತಿಯರನ್ನೂ ತನ್ನ ಹಳ್ಳಿಗೆ ಕರೆದೊಯ್ದಳು. ಬುದ್ಧನ ಜನನ, ಜ್ಞಾನೋದಯ, ಪರಿನಿರ್ವಾಣ ಮೂರನ್ನೂ ಒಟ್ಟಿಗೆ ಸ್ಮರಿಸುವ ಈ ಹುಣ್ಣಿಮೆಗೂ ಅದರ ಮರುದಿನಕ್ಕೂ ಅಲ್ಲಿ ಸಾರ್ವಜನಿಕ ರಜೆ. ಮದ್ಯದ, ಮಾಂಸದ ಅಂಗಡಿಗಳು ಮುಚ್ಚಿರುತ್ತವೆ. ನಾವು ಹೋದಾಗ ಅವಳ ತಮ್ಮಂದಿರು ಬಿದಿರನ್ನು ಸೀಳಿ, ಸಿಬಿರು ತೆಗೆದು, ಎಂಟು ಮೂಲೆಯ ಗೂಡುದೀಪಕ್ಕೆ ಚೌಕಟ್ಟು ಕಟ್ಟುತ್ತಿದ್ದರು. ತೆಳುವಾದ ಬಣ್ಣದ ಕಾಗದವನ್ನು ಸುಕ್ಕಾಗದಂತೆ ಅಂಟಿಸುವ ಕೆಲಸ ನಮ್ಮ ಪಾಲಿಗೆ ಬಂತು. ಸಂಜೆ ಮಳೆ ಸುರಿದಾಗಲೆಲ್ಲ ಅವನ್ನು ಒಳಗೆ ತರಲು ಮನೆಮಂದಿಯೆಲ್ಲ ಓಡಬೇಕಾಗುತ್ತಿತ್ತು.

ಹುಣ್ಣಿಮೆಯ ಬೆಳಗ್ಗೆ ಮನೆಯ ಅಜ್ಜಿ ಬಿಳಿ ಬಟ್ಟೆಯುಟ್ಟು ವಿಹಾರಕ್ಕೆ ಹೊರಟರು. ಎಂಟು ಶೀಲಗಳೆಂಬ ವ್ರತನಿಯಮಗಳನ್ನು ಸ್ವೀಕರಿಸಿದವರು ಮಧ್ಯಾಹ್ನದ ನಂತರ ಉಣ್ಣುವುದಿಲ್ಲವಾದ್ದರಿಂದ ಅವರ ಊಟವನ್ನು ಹನ್ನೆರಡರೊಳಗೆ ಮುಟ್ಟಿಸುವ ಹೊಣೆಯೂ ನಮ್ಮದಾಯಿತು. ಕತ್ತಲಾದ ಮೇಲೆ ಊರಿಗೆ ಊರೇ ರಸ್ತೆಗಿಳಿಯಿತು. ಜಾತಕ ಕಥೆಗಳ ಚಿತ್ರಗಳನ್ನು ಸಾಲಾಗಿ ಜೋಡಿಸಿ ಬಣ್ಣದ ಬಲ್ಬುಗಳಿಂದ ಬೆಳಗಿಸಿದ ಎತ್ತರದ ತೋರಣಗಳ ಮುಂದೆ ಜನ ಕಿಕ್ಕಿರಿದು ನಿಂತು ಧ್ವನಿವರ್ಧಕದಲ್ಲಿ ಬರುವ ಕಥೆ ಕೇಳುತ್ತಿದ್ದರು. ದಾರಿಯುದ್ದಕ್ಕೂ ದನ್ಸಲ್ ಎಂಬ ಚಪ್ಪರಗಳು. ಅಲ್ಲಿನ ಹುಡುಗರು ಬಸ್ಸುಗಳನ್ನೂ ಕೈಬೀಸಿ ನಿಲ್ಲಿಸಿ ಅನ್ನ, ಪಲ್ಯ, ಬೇಯಿಸಿದ ಮರಗೆಣಸು, ಬಿಲ್ವದ ಹೂವಿನ ಪಾನಕ ಹಂಚುತ್ತಿದ್ದರು. (ಮನೆಮನೆಯಲ್ಲಿ ಬಿಲ್ವವನ್ನು ಪೂಜಿಸುವ ನಾವು ಆ ಪಾನಕವನ್ನು ಏಕೆ ಮಾಡುವುದಿಲ್ಲವೆಂದು ನನಗೆ ಇಂದಿಗೂ ಆಶ್ಚರ್ಯ.) ಯಾರು, ಯಾವ ಧರ್ಮದವರು ಎಂದು ಕೇಳುವವರಿರಲಿಲ್ಲ. ಮಠಗಳ ದಾಸೋಹದಲ್ಲಿ ಕುಳಿತು ಉಂಡಿರುವ ಕನ್ನಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆ ಮನೆಯವರು ನಮ್ಮನ್ನು ಅತಿಥಿಗಳೆಂದು ಕುರ್ಚಿಯಲ್ಲಿ ಕೂರಿಸದೆ ಕೆಲಸಕ್ಕೆ ಹಚ್ಚಿದ್ದರಿಂದಲೇ ಪರಕೀಯತೆ ಹೋಯಿತೆಂದು ನಾನು ದೃಢವಾಗಿ ನಂಬಿದ್ದೇನೆ.

ಪುಣೆಯಲ್ಲಿ ಬೌದ್ಧ ಬಾಂಧವರ ವಿಹಾರಗಳು ಈ ಹುಣ್ಣಿಮೆಯಂದು ತುಂಬಿ ತುಳುಕುತ್ತವೆ, ಡಾ. ಅಂಬೇಡ್ಕರ್ ಅವರು 1954ರ ಡಿಸೆಂಬರ್ 25ರಂದು ಬುದ್ಧಮೂರ್ತಿಯನ್ನು ಪ್ರತಿಷ್ಠಾಪಿಸಿದ ವಿಹಾರ ಇಲ್ಲಿಯೇ ದೇಹೂ ರೋಡಿನಲ್ಲಿದೆ. ಕನ್ನಡಿಗರಾದ ನಾವು ಮಾತ್ರ ಇದು ನಮಗೆ ಸಂಬಂಧಿಸಿದ್ದಲ್ಲವೆಂಬಂತೆ ದೂರವಿದ್ದೇವೆ. ಸಂಬಂಧವಿಲ್ಲವೆಂದು ಹೇಗೆ ಹೇಳುವುದು? ಮುಂಬಯಿಯ ಬೊರಿವಲಿಯ ಕಾಡಿನೊಳಗಿನ ಕಾನ್ಹೇರಿಯ ಬೌದ್ಧ ಗುಹೆಗಳಲ್ಲಿ ನಮ್ಮ ನೃಪತುಂಗ ಅಮೋಘವರ್ಷನ ಆಳ್ವಿಕೆಯ ಶಾಸನಗಳಿವೆ. ದೂರದ ಗೌಡ ದೇಶದಿಂದ, ಅಂದರೆ ಬಂಗಾಳದ ಕಡೆಯಿಂದ ಬಂದ ಅವಿಘ್ನಾಕರನೆಂಬ ಉಪಾಸಕ ಅಲ್ಲಿನ ಭಿಕ್ಷುಗಳ ಧ್ಯಾನಕ್ಕೆ ಕಟ್ಟಡ ಕಟ್ಟಿಸಿ, ಅವರ ವಸ್ತ್ರಕ್ಕೆ ಶಾಶ್ವತ ದತ್ತಿ ಬಿಟ್ಟದ್ದನ್ನು ಅವುಗಳಲ್ಲೊಂದು ಹೇಳುತ್ತದೆ. ಗೋವೆಯ ಸಾಂಖ್ವಾಳದಲ್ಲಿ 1876ರಲ್ಲಿ ಹುಟ್ಟಿದ ಧರ್ಮಾನಂದ ಕೋಸಂಬಿಯವರು ಕಡಲು ದಾಟಿ ಕೊಲಂಬೊದ ವಿದ್ಯೋದಯ ವಿದ್ಯಾಪೀಠದಲ್ಲಿ ಪಾಲಿ ಕಲಿತು ಬಂದು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಅದನ್ನು ಕಲಿಸಿದರು. ಅವರಿಗೆ ವಿದ್ಯೆ ಕೊಟ್ಟ ದೇಶದ ಮಕ್ಕಳೂ ಆ ಪಾಲಿಯನ್ನೇ ಓದಲು ಬರುವ ಪರದೇಶಿಗಳೂ ಇಂದು ನಮ್ಮ ನೆರೆಹೊರೆಯವರು.

ಇದಕ್ಕೆ ದೊಡ್ಡ ಸಭಾಂಗಣವಾಗಲಿ ನಿಧಿಸಂಗ್ರಹವಾಗಲಿ ಬೇಡ. ಸಂಘವು ವಿಭಾಗದ ಮುಖ್ಯಸ್ಥರನ್ನು ಭೇಟಿಯಾಗಿ, ಬರಲು ಇಷ್ಟವಿರುವ ವಿದ್ಯಾರ್ಥಿಗಳನ್ನು ಮನೆಗೆ ಇಬ್ಬರಂತೆ ಹಂಚಿಕೊಂಡರೆ ಸಾಕು. ದಿನವನ್ನು ಅವರನ್ನೇ ಕೇಳಿ ಗೊತ್ತುಮಾಡಬೇಕು. 2023ರಲ್ಲಿ ನಮ್ಮ ಬುದ್ಧ ಪೂರ್ಣಿಮೆ ಮೇ 5ಕ್ಕೆ ಬಂದರೆ ಥಾಯ್ಲೆಂಡಿನಲ್ಲಿ ಅದು ಜೂನ್ 3ಕ್ಕೆ ಬಂದಿತ್ತು, ಜಪಾನಿನವರು ಬುದ್ಧನ ಜನ್ಮದಿನವನ್ನು ಏಪ್ರಿಲ್ 8ರಂದೇ ಆಚರಿಸುತ್ತಾರೆ. ಶೀಲ ಪಾಲಿಸುವವರಿಗೂ ಭಿಕ್ಷುಗಳಿಗೂ ಊಟ ಬೆಳಗಿನ ಹನ್ನೊಂದಕ್ಕೆ ಬಡಿಸಬೇಕು. ವಿಯೆಟ್ನಾಂನ ಭಿಕ್ಷುಗಳು ಈರುಳ್ಳಿ, ಬೆಳ್ಳುಳ್ಳಿಯನ್ನು ಬಿಡುವುದರಿಂದ ಅವರಿಗೆ ನಮ್ಮ ಮಡಿ ಅಡುಗೆ ಸರಿಹೊಂದುತ್ತದೆ. ಹೋಳಿಗೆ ತಟ್ಟಲು, ಎಲೆ ಹಾಕಲು, ಗೂಡುದೀಪ ಕಟ್ಟಲು ಅವರನ್ನೂ ಜೊತೆಗೆ ಕರೆದುಕೊಳ್ಳಬೇಕು.

ಬರುವ ವೈಶಾಖಕ್ಕೆ ನಮ್ಮ ಮನೆಯಲ್ಲಿ ನಾಲ್ವರಿಗೆ ಎಲೆ ಹಾಕಲು ನಾವು ನಿಶ್ಚಯಿಸಿದ್ದೇವೆ. ಪುಣೆಯ ಸಂಘದ ಪದಾಧಿಕಾರಿಗಳು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಈ ವಿಷಯವನ್ನು ತೆಗೆದುಕೊಂಡು, ಸೇರಲು ಬಯಸುವ ಕುಟುಂಬಗಳ ಪಟ್ಟಿಯನ್ನು ಪರೀಕ್ಷೆಗಳ ವೇಳಾಪಟ್ಟಿ ಬರುವ ಮೊದಲೇ ಸಿದ್ಧಪಡಿಸಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗಾರ್ತಿ
ಕೋಥ್ರೂಡ್, ಪುಣೆ