ತೊಟ್ಟು ಬಿಡಿಸಿದ ಕೈಗಳು

ಮಾನ್ಯ ಸಂಪಾದಕರೇ,

ನಿಮ್ಮ ಪತ್ರಿಕೆಯಲ್ಲಿ ಬ್ಯಾಡಗಿ ಮೆಣಸಿನಕಾಯಿ ದರ ಕಂಡಾಗಲೆಲ್ಲ ಅಜ್ಜಿ ನೆನಪಾಗುತ್ತಾಳೆ. ಹೋದ ತಿಂಗಳು ತೀರಿಕೊಂಡಳು.

ಅಜ್ಜ ಹೋದಾಗ ಅಪ್ಪನಿಗೆ ಆರು ವರ್ಷ, ಅತ್ತೆ ಇನ್ನೂ ತೊಟ್ಟಿಲಲ್ಲಿ. ಅಂದಿನಿಂದ ಪ್ರತಿ ಸುಗ್ಗಿಗೂ ಅಜ್ಜಿ ಬ್ಯಾಡಗಿಯ ಗೋದಾಮುಗಳಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋದಳು. ತೂಕದ ಲೆಕ್ಕದ ಕೂಲಿ. ಊಟಕ್ಕೂ ನೆಮ್ಮದಿಯಾಗಿ ಏಳುತ್ತಿರಲಿಲ್ಲ. ಸಂಜೆ ಬಂದವಳು ಮೊಮ್ಮಕ್ಕಳನ್ನು ಕೂಡಲೇ ಮುಟ್ಟುತ್ತಿರಲಿಲ್ಲ. ಕೈಗೆ ಕೊಬ್ಬರಿ ಎಣ್ಣೆ ಹಚ್ಚಿ ಉಜ್ಜಿ, ಸೀಗೆಪುಡಿಯಿಂದ ತೊಳೆದು, ಬೆರಳ ತುದಿಯನ್ನು ನಾಲಿಗೆಗೆ ತಾಗಿಸಿ ಖಾರ ಹೋಗಿದೆಯೇ ಎಂದು ನೋಡಿ, ಆಮೇಲೆಯೇ ನಮ್ಮ ತಲೆ ಸವರುತ್ತಿದ್ದಳು.

ಆ ಕೂಲಿಯಲ್ಲೇ ಅಪ್ಪ ಓದಿದರು, ಅತ್ತೆಯ ಮದುವೆಯಾಯಿತು. ಅಜ್ಜಿ ಹಳೆಯ ಸೀರೆಗಳಿಂದ ಹೊಲಿದ ಕೌದಿಯನ್ನು ಈಗ ನನ್ನ ಮಗಳು ಹೊದೆಯುತ್ತಾಳೆ.

ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಆ ಸೀಮೆಯದೇ ವಿಶಿಷ್ಟ ಬೆಳೆ ಎಂಬ ಭೌಗೋಳಿಕ ಸೂಚಕ (ಜಿಐ) ಮಾನ್ಯತೆ ದೊರೆತಿದೆ. ಅದರ ಬಣ್ಣದ ಬಗ್ಗೆ, ದರದ ಬಗ್ಗೆ ತಾವು ಬಹಳ ಬರೆಯುತ್ತೀರಿ. ದಯವಿಟ್ಟು ತೊಟ್ಟು ಬಿಡಿಸುವ ಹೆಂಗಸರ ಬಗ್ಗೆಯೂ ಬರೆಯಿರಿ. ಸುಗ್ಗಿಯಲ್ಲಿ ಆ ದಾರಿಯಲ್ಲಿ ಹೋದಾಗ ಬರಿಗೈಯಲ್ಲೇ ರಾಶಿಯ ಮುಂದೆ ಕುಳಿತವರನ್ನು ಇಂದೂ ಕಾಣುತ್ತೇನೆ.

– ಓದುಗ, ಹಾವೇರಿ