ಪಾದ್ರಿಯ ದಿನಚರಿಯಲ್ಲಿ ಏನೂ ನಡೆಯುವುದಿಲ್ಲ ಎಂದವಳಿಗೆ

ಪ್ರೀತಿಯ ತಂಗಿ,

ನೀನು ಕಳಿಸಿದ ಕಾದಂಬರಿಯ ಮೂವತ್ತು ಪುಟ ಕೈಸೇರಿ ಹದಿನೈದು ದಿನವಾಯಿತು. ಎರಡು ಸಲ ಓದಿದೆ. ಉತ್ತರ ತಡವಾದದ್ದಕ್ಕೆ ಕಣ್ಣಿನ ಪೊರೆ ತೆಗೆಸಿಕೊಂಡದ್ದೇ ಕಾರಣ ಎಂದು ಹೇಳಿ ಪಾರಾಗಬಹುದಿತ್ತು; ಅದು ಅರ್ಧ ನಿಜ. ಉಳಿದರ್ಧ, ಏನು ಹೇಳಿದರೆ ನಿನಗೆ ಉಪಯೋಗವಾದೀತು ಎಂದು ಹೊಳೆಯದೆ ಸುಮ್ಮನೆ ಕೂತಿದ್ದೆ.

ಅಬರಿಸ್ಟ್ವಿತ್‌ಗೆ ಓದಲು ಹೋದವಳು ಅಲ್ಲಿನ ಗುಡ್ಡದ ಮೇಲಿನ ರಾಷ್ಟ್ರೀಯ ಗ್ರಂಥಾಲಯದಲ್ಲಿ ವೇಲ್ಸಿನ ಹಳೇ ಪಾದ್ರಿಗಳ ದಿನಚರಿ, ಪತ್ರಗಳ ಬೆನ್ನು ಹತ್ತಿದ್ದೀಯ ಎಂದು ತಿಳಿದಾಗ ಖುಷಿಪಟ್ಟವಳು ನಾನು. ಆದರೆ ನಿನ್ನ ಪತ್ರದ ಒಂದು ಮಾತು ಗಂಟಲಲ್ಲಿ ಸಿಕ್ಕಿಕೊಂಡಿತು. "ಅಕ್ಕಾ, ಈ ಕಿಲ್ವರ್ಟನ ದಿನಚರಿಯಲ್ಲಿ ಏನೂ ನಡೆಯೋದೇ ಇಲ್ಲ. ಬೆಳಿಗ್ಗೆ ಏಳ್ತಾನೆ, ಯಾರದೋ ಮನೆಗೆ ನಡೆದು ಹೋಗ್ತಾನೆ, ಮುದುಕಿಗೆ ಬೈಬಲ್ ಓದಿ ಹೇಳ್ತಾನೆ, ವಾಪಸ್ ಬರ್ತಾನೆ. ಇದರಲ್ಲಿ ಕಾದಂಬರಿ ಎಲ್ಲಿದೆ?" ಅಂತ ಬರೆದಿದ್ದೀಯ. ಎಲ್ಲಿಯೂ ಸಿಗಲಿಲ್ಲವೆಂದು ನೀನೇ ಒಂದನ್ನು ಹುಟ್ಟಿಸಿದೆ. ಸೇಂಟ್ ಹಾರ್ಮನ್ ಹಳ್ಳಿಯಲ್ಲಿ ಅವನಿಗೊಬ್ಬಳು ವಿಧವೆ, ರಾತ್ರಿ ಭೇಟಿ, ಸುಟ್ಟ ಕಾಗದ. ಚೆನ್ನಾಗಿಯೇ ಬರೆದಿದ್ದೀಯ ಮಾರಾಯ್ತಿ. ತೊಂದರೆ ಅಲ್ಲೇ ಇರುವುದು.

ಮೊದಲು ಈ "ಏನೂ ನಡೆಯುವುದಿಲ್ಲ" ಎಂಬುದನ್ನು ನೋಡೋಣ. 1870ರ ಫೆಬ್ರವರಿ 13, ಭಾನುವಾರ. ಫ್ರಾನ್ಸಿಸ್ ಕಿಲ್ವರ್ಟ್‌ಗೆ ಆಗಿನ್ನೂ ಇಪ್ಪತ್ತೊಂಬತ್ತು. ಐದು ವರ್ಷದಿಂದ ರಾಡ್ನರ್‌ಶೈರಿನ ಕ್ಲೈರೋದಲ್ಲಿ ಕ್ಯುರೇಟ್, ಅಂದರೆ ಮುಖ್ಯ ಪಾದ್ರಿ ವೆನಬಲ್ಸರ ಕೈಕೆಳಗಿನ ಸಹಾಯಕ. ಸ್ವಂತ ಮನೆಯಿಲ್ಲ, ಬಾಡಿಗೆ ಕೋಣೆ. ಬೆಳಿಗ್ಗೆ ಕ್ಲೈರೋದಲ್ಲಿ ಪ್ರಸಂಗ ಮಾಡಿ ಮಧ್ಯಾಹ್ನ ಗುಡ್ಡದ ಮೇಲಿನ ಬೆಟುಸ್ ಎಂಬ ಪುಟ್ಟ ಪ್ರಾರ್ಥನಾಮಂದಿರಕ್ಕೆ ಹೊರಡುತ್ತಾನೆ. ಮೂಡಣ ಗಾಳಿ ಕೊಲ್ಲುವ ಹಾಗೆ ಬೀಸುತ್ತಿದೆ. ಎರಡು ವೇಸ್ಟ್‌ಕೋಟು, ಎರಡು ಕೋಟು, ಒಂದು ಮಫ್ಲರ್, ಮೇಲೊಂದು ಮಳೆಕೋಟು ಹಾಕಿಕೊಂಡೆ, ಆದರೂ ಸೆಕೆಯೇನೂ ಆಗಲಿಲ್ಲ ಎನ್ನುತ್ತಾನೆ. ಮಂದಿರ ಮುಟ್ಟುವ ಹೊತ್ತಿಗೆ ಗಡ್ಡಮೀಸೆ ಮಂಜುಗಟ್ಟಿ ಬಾಯಿ ತೆರೆಯಲಾಗುತ್ತಿಲ್ಲ. ಗಡ್ಡ ಮಳೆಕೋಟಿಗೆ ಅಂಟಿಕೊಂಡಿದೆ. ಅಲ್ಲಿ ನೋಡಿದರೆ ಒಂದು ರೈತ ಕುಟುಂಬ ದೊಡ್ಡ ಬಳಗ ಕಟ್ಟಿಕೊಂಡು ಮಗುವಿನ ದೀಕ್ಷಾಸ್ನಾನಕ್ಕೆ ಬಂದು ಕಾದಿದೆ. ತೊಟ್ಟಿಯ ನೀರು ಹೆಪ್ಪುಗಟ್ಟಿದೆ. ಮಂಜುಗಡ್ಡೆ ಒಡೆದು, ಅದರ ಚೂರು ತೇಲುತ್ತಿರುವ ನೀರಿನಲ್ಲೇ ಮಗುವಿಗೆ ದೀಕ್ಷೆ ಕೊಡುತ್ತಾನೆ.

ಇದು ಏನೂ ನಡೆಯದ ದಿನ!

ಅವನು ಚಳಿ ಎಷ್ಟಿತ್ತೆಂದು ಹೇಳಲು ಉಪಮೆ ಹುಡುಕಲಿಲ್ಲ, ಗಮನಿಸಿದೆಯಾ? ಕೋಟು ಎಣಿಸಿದ. ನಿನ್ನ ಏಳನೇ ಪುಟದಲ್ಲಿ "ಮೂಳೆ ಕೊರೆಯುವ ಚಳಿ" ಇದೆ, ಹನ್ನೊಂದರಲ್ಲಿ ಮತ್ತೆ ಅದೇ ಚಳಿ ಅದೇ ಮೂಳೆ ಕೊರೆಯುತ್ತಿದೆ. ಆ ಮಗುವಿನ ತಾಯಿ ತೊಟ್ಟಿಯ ಪಕ್ಕ ನಿಂತು ಏನು ಯೋಚಿಸಿರಬಹುದು ಎಂದು ನಾನು ಎರಡು ರಾತ್ರಿ ಯೋಚಿಸಿದ್ದೇನೆ. ಕಿಲ್ವರ್ಟ್ ಅದನ್ನು ಬರೆಯಲಿಲ್ಲ. ಬರೆಯದೆ ಇದ್ದದ್ದರಿಂದಲೇ ನೂರೈವತ್ತು ವರ್ಷದ ಮೇಲೆ, ಇಷ್ಟು ದೂರದಲ್ಲಿ, ಒಬ್ಬ ಮುದುಕಿಗೆ ನಿದ್ದೆ ಬರಲಿಲ್ಲ.

ಹೀಗೆ ಮನೆಮನೆ ತಿರುಗುವುದಕ್ಕೆ ಅವನದೇ ಒಂದು ಪದ ಇತ್ತು, "ವಿಲೇಜಿಂಗ್". ನಾವಾದರೆ ಹಳ್ಳಿ ಸುತ್ತುವುದು ಎನ್ನುತ್ತೇವೆ. ನೆಪೋಲಿಯನ್ ಕಾಲದ ಯುದ್ಧದಲ್ಲಿ ಸ್ಪೇನಿಗೆ ಹೋಗಿಬಂದ ಮುದಿ ಸಿಪಾಯಿ ಜಾನ್ ಮಾರ್ಗನ್ ಇದ್ದನಲ್ಲ, ಅವನ ಜೊತೆ ಈ ಪಾದ್ರಿ ಆಲೂಗಡ್ಡೆ ಅಗೆಯುತ್ತಾ ಯುದ್ಧದ ಕತೆ ಕೇಳುತ್ತಾನೆ. ಪ್ರಶ್ನೆ ಕೇಳುವವರ ಮುಂದೆ ಕುರ್ಚಿ ಹಾಕಿಕೊಂಡು ಕೂತ ಮುದುಕನಿಗೂ ಕೈ ಮಣ್ಣಾಗಿರುವ ಮುದುಕನಿಗೂ ಮಾತಿನಲ್ಲಿ ಬಹಳ ವ್ಯತ್ಯಾಸ. ಅದೇ ವರ್ಷ ಈಸ್ಟರಿನ ಹಿಂದಿನ ಸಂಜೆ ಊರವರು ತಮ್ಮ ತಮ್ಮವರ ಗೋರಿಗಳಿಗೆ ಹೂವಿನ ಅಲಂಕಾರ ಮಾಡುತ್ತಾರೆ. ಅವನೂ ಕೈಜೋಡಿಸುತ್ತಾನೆ. ಆ ಭಾಗವನ್ನು ಅವಸರದಲ್ಲಿ ದಾಟಿಬಿಟ್ಟಿದ್ದೀಯ. ತಿರುಗಿ ಹೋಗಿ ಓದು. ಊರಿನ ಯಾವ ಮನೆಯಲ್ಲಿ ಯಾರು ಸತ್ತರು, ಯಾರ ಗೋರಿಗೆ ಹೂವಿಡುವವರು ಯಾರೂ ಉಳಿದಿಲ್ಲ ಎಂದು ತಿಳಿದಿರುವವನು ಮಾತ್ರ ಬರೆಯಬಹುದಾದ ಪುಟ ಅದು.

ಲಾನ್‌ಬೆಡರ್ ಪೇನ್ಸ್‌ಕ್ಯಾಸಲ್‌ನ ಪಾದ್ರಿ ಜಾನ್ ಪ್ರೈಸ್‌ನನ್ನು ನೀನು ಬಿಟ್ಟೇಬಿಟ್ಟಿದ್ದೀಯ! 1872ರ ಜುಲೈಯಲ್ಲಿ ಕಿಲ್ವರ್ಟ್ ಗುಡ್ಡ ಹತ್ತಿ ಅವನನ್ನು ನೋಡಲು ಹೋಗುತ್ತಾನೆ. ಒಂಟಿ ಮನುಷ್ಯ, ಗುಡಿಸಲಿನಂಥ ಮನೆ, ಒಳಗೆಲ್ಲ ಅಸ್ತವ್ಯಸ್ತ, ಅದರ ನಡುವೆ ತಾನೇ ಕಂಡುಹಿಡಿದ ಶೀಘ್ರಲಿಪಿಯ ಕೆಲಸ. ಬಂದ ಅತಿಥಿಗಳಿಗೆ ಭಾರಿ ಮರ್ಯಾದೆ. ನಿನ್ನ ವಿಧವೆಗಿಂತ ಇವನು ನೂರು ಪಾಲು ವಾಸಿ.

ಇನ್ನು ನೀನು ಮುಟ್ಟದೆ ಬಿಟ್ಟ ಇನ್ನೊಂದು ವಿಷಯ. ಕಿಲ್ವರ್ಟ್ ಚಿಕ್ಕ ಹುಡುಗಿಯರ ಬಗ್ಗೆ ಬರೆದ ಕೆಲವು ಪುಟಗಳು ಇವತ್ತು ಓದಿದರೆ ಮೈ ಮುದುಡುತ್ತದೆ. ಆ ಕಾಲ ಹಾಗಿತ್ತು ಎನ್ನುವವರಿದ್ದಾರೆ. ನನಗೆ ಆ ಸಮಾಧಾನ ಸಾಲದು. ನಿನ್ನ ಕಾದಂಬರಿಯ ಪಾದ್ರಿ ಮಾತ್ರ ಹಾಲಿನಲ್ಲಿ ತೊಳೆದ ಹಾಗಿದ್ದಾನೆ. ಇರುವ ಕತ್ತಲೆಯನ್ನು ಒರೆಸಿ ಹಾಕಿ, ಇಲ್ಲದ ಗುಟ್ಟೊಂದನ್ನು ತಂದು ಅಂಟಿಸಿದ್ದೀಯ. ಎಂಥ ವ್ಯಾಪಾರ ಇದು?

ಸೇಂಟ್ ಹಾರ್ಮನ್‌ಗೆ ಬರುತ್ತೇನೆ. ಅವನು ವೇಲ್ಸಿನಲ್ಲಿ ಸ್ವತಃ ವಿಕಾರ್, ಅಂದರೆ ಮುಖ್ಯ ಪಾದ್ರಿ, ಆಗಿ ಇದ್ದದ್ದು ಅದೊಂದೇ ಊರಿನಲ್ಲಿ, 1876–77ರಲ್ಲಿ. ಆ ಊರಿನ ಕಾಲಕ್ಕೆ ಸೇರಿದ ಒಂದು ಪುಟವೂ ನಮಗಿಲ್ಲ. 1876ರ ಜೂನ್ ಕೊನೆಯಿಂದ 1877ರ ಕೊನೆಯ ತನಕ ದಿನಚರಿ ಖಾಲಿ. ಅದಕ್ಕೂ ಮುಂಚೆ, 1875ರ ಸೆಪ್ಟೆಂಬರಿನಿಂದ ಮುಂದಿನ ಮಾರ್ಚ್ ತನಕ ಇನ್ನೊಂದು ಕಂದಕ. 1879ರ ಆಗಸ್ಟಿನಲ್ಲಿ ಮದುವೆಯಾದ, ಸೆಪ್ಟೆಂಬರ್ 23ಕ್ಕೆ ಹೊಟ್ಟೆಯ ಸೋಂಕಿನಿಂದ ತೀರಿಕೊಂಡ, ಮೂವತ್ತೆಂಟು ವರ್ಷ. ಐದು ವಾರದ ಹೆಂಡತಿಯ ಪಾಲಿಗೆ ಉಳಿದದ್ದು ನೋಟುಪುಸ್ತಕಗಳ ರಾಶಿ. ಕೆಲವನ್ನು ಅವಳೇ ಇಲ್ಲವಾಗಿಸಿರಬೇಕು ಎಂಬುದು ಬಲ್ಲವರ ಊಹೆ. ಉಳಿದ 22 ಪುಸ್ತಕ ಲೇಖಕ ವಿಲಿಯಂ ಪ್ಲೋಮರ್ ಕೈಗೆ ಬಂದು, ಆಯ್ದ ಭಾಗ 1938ರಿಂದ 1940ರೊಳಗೆ ಮೂರು ಸಂಪುಟವಾಗಿ ಅಚ್ಚಾಯಿತು. ಆಮೇಲೆ 1950ರ ದಶಕದಲ್ಲಿ, ಮನೆತನದ ಮಾತು ಮನೆಯಲ್ಲೇ ಇರಲಿ ಎಂದು, ಅವನ ಸೋದರಿಯ ಮಗಳಾದ ವಯಸ್ಸಾದ ಹೆಂಗಸೊಬ್ಬಳು ಹೆಚ್ಚಿನವನ್ನೆಲ್ಲ ನಾಶ ಮಾಡಿದಳು. ಇವತ್ತು ಉಳಿದಿರುವುದು ಮೂರೇ. ಮೂರೂ 1870ರವು, ಎರಡು ನೀನು ಕೂರುವ ಗ್ರಂಥಾಲಯದಲ್ಲೇ ಇವೆ, ಒಂದು ಡರಮ್ ವಿಶ್ವವಿದ್ಯಾಲಯದಲ್ಲಿ.

ಆ ಹೆಂಗಸಿನ ಮೇಲೆ ನನಗೆ ಮೊದಲು ಬಹಳ ಸಿಟ್ಟಿತ್ತು. ಈಗ ಅಷ್ಟಿಲ್ಲ. ಅವಳ ಕೈ, ಅವಳ ಒಲೆ, ಅವಳ ಅಂಜಿಕೆ, ಇವೂ ಈ ಕಾಗದಗಳ ಚರಿತ್ರೆಯೇ. ನೀನು ಅವಳ ಬಗ್ಗೆ ಒಂದು ಅಧ್ಯಾಯ ಬರೆದಿದ್ದರೆ ನಾನು ಚಕಾರ ಎತ್ತುತ್ತಿರಲಿಲ್ಲ. ದಿನಚರಿಯಲ್ಲಿ ಖಾಲಿ ಉಳಿದ ಜಾಗಕ್ಕೆ ನೀನು ಸಾಮಾನು ತುಂಬಿಸಿದೆ.

ಹೀಗೆ ಹೇಳುವ ಅಧಿಕಾರ ನನಗೆ ಪುಕ್ಕಟೆಯಾಗಿ ಬಂದದ್ದಲ್ಲ. ನಿನ್ನ ವಯಸ್ಸಿನಲ್ಲಿ ನಾನು ಅಜ್ಜನ ದಿನವಹಿ ಹಿಡಿದು ಕತೆ ಬರೆದಿದ್ದೆ. ಅಡಿಕೆ, ಬೆಲ್ಲ, ಆಳುಗಳ ಕೂಲಿ, ಎಲ್ಲ ದಿನದಿನವೂ ಬರೆದವನು ಒಂದು ಕಡೆ ಹನ್ನೊಂದು ದಿನ ಏನೂ ಬರೆದಿರಲಿಲ್ಲ. ಆ ಹನ್ನೊಂದು ದಿನದಲ್ಲಿ ನಾನು ಅಜ್ಜನಿಗೊಂದು ಪ್ರೇಮ ಕಟ್ಟಿದೆ. ಕತೆಗೆ ಬಹುಮಾನವೂ ಬಂತು. ಅತ್ತೆ ಓದಿ ಕನ್ನಡಕ ತೆಗೆದು ಹೇಳಿದಳು: "ಅಪ್ಪಯ್ಯಂಗೆ ಆಗ ಚಳಿಜ್ವರ ಕಣೇ. ಬದುಕ್ತಾನೋ ಇಲ್ಲವೋ ಅಂತ ಅಮ್ಮ ಹನ್ನೊಂದು ದಿನ ಒಲೆ ಮುಂದೆ ಕೂತಿದ್ದಳು." ಅಜ್ಜಿ ಒಲೆ ಮುಂದೆ ಕೂತ ಆ ಕತೆಯನ್ನು ನಾನು ಇನ್ನೂ ಬರೆದಿಲ್ಲ.

ಕಿಲ್ವರ್ಟ್ ಒಬ್ಬನನ್ನೇ ಹಿಡಿದುಕೊಂಡರೂ ದಾರಿ ತಪ್ಪುತ್ತೀಯ. ಅವನು ಇಂಗ್ಲೆಂಡಿನ ವಿಲ್ಟ್‌ಶೈರಿನಲ್ಲಿ ಹುಟ್ಟಿದವನು, ಬರೆದದ್ದು ಇಂಗ್ಲಿಷಿನಲ್ಲಿ, ಓಡಾಡಿದ್ದು ಗಡಿಸೀಮೆಯಲ್ಲಿ. ವೆಲ್ಷ್ ಮಾತಾಡುವ ಪಾದ್ರಿಗಳ ಗೋಳು ಬೇರೆಯೇ. ಆಂಗ್ಲ್‌ಸಿ ದ್ವೀಪದ ಕವಿ ಗೊರೊನ್ವಿ ಓವೆನ್‌ಗೆ ತನ್ನ ಸೀಮೆಯಲ್ಲೊಂದು ಕಾಯಂ ಚರ್ಚು ಬೇಕಿತ್ತು, ಜೀವಮಾನದಲ್ಲಿ ಸಿಗಲಿಲ್ಲ. ಶ್ರಾಪ್‌ಶೈರಿನ ಡಾನಿಂಗ್ಟನ್‌ನಲ್ಲಿ ಮಕ್ಕಳಿಗೆ ಪಾಠ ಹೇಳಿಕೊಂಡು, ಪಕ್ಕದ ಊರಿನ ಕ್ಯುರೇಟ್ ಕೆಲಸವನ್ನೂ ಮಾಡಿಕೊಂಡು ವರ್ಷಕ್ಕೆ 26 ಪೌಂಡಿನಲ್ಲಿ ಸಂಸಾರ ತೂಗಿಸಿದ. ಅಲ್ಲಿಂದ ಆಂಗ್ಲ್‌ಸಿಯವರೇ ಆದ ವಿದ್ವಾಂಸ ಮಾರಿಸ್ ಸಹೋದರರಿಗೆ ಬರೆದ ಪತ್ರಗಳಲ್ಲಿ ಛಂದಸ್ಸಿನ ಚರ್ಚೆ, ದುಡ್ಡಿನ ಮುಗ್ಗಟ್ಟು, ಊರಿನ ಹಂಬಲ ಒಂದೇ ಉಸಿರಿನಲ್ಲಿ ಬರುತ್ತವೆ. ಆ ಹಂಬಲಕ್ಕೆ ವೆಲ್ಷಿನಲ್ಲಿ ಹಿರಾಯ್ತ್ ಅನ್ನುತ್ತಾರೆ. ನೀನು ಅಲ್ಲಿ ಕೇಳಿಯೇ ಇರುತ್ತೀಯ, ಬಹುಶಃ ಅನುಭವಿಸಿಯೂ ಇರುತ್ತೀಯ. 1757ರ ಕೊನೆಗೆ ವರ್ಜೀನಿಯಾಕ್ಕೆ ಹಡಗು ಹತ್ತಿದ. ಹೆಂಡತಿ ಎಲಿನ್ ಮತ್ತು ಕೊನೆಯ ಕೂಸು ದಾರಿಯಲ್ಲೇ ತೀರಿಕೊಂಡರು. ಹತ್ತು ವರ್ಷದ ಮೇಲೆ, 1767ರಲ್ಲಿ, ರಿಚರ್ಡ್ ಮಾರಿಸ್‌ಗೆ ಒಂದು ಪತ್ರ ಬಂತು. ಲೂಯಿಸ್ ಮಾರಿಸ್ ಸತ್ತದ್ದಕ್ಕೆ ಬರೆದ ಶೋಕಗೀತೆಯ ಜೊತೆಗೆ. ಲೂಯಿಸ್ ಸತ್ತು ಆಗಲೇ ಎರಡು ವರ್ಷವಾಗಿತ್ತು. ಸುದ್ದಿ ಸಮುದ್ರ ದಾಟಿ ಹೋಗಿ, ಪದ್ಯವಾಗಿ ಸಮುದ್ರ ದಾಟಿ ಬರಲು ಅಷ್ಟು ಕಾಲ.

ಅವನ ಸಮಕಾಲೀನ ಇವಾನ್ ಇವಾನ್ಸ್ ಕೊನೆಯ ತನಕ ಕ್ಯುರೇಟ್ ಆಗಿಯೇ ಉಳಿದ. ಕುಡಿತವೂ ಇತ್ತು, ಇಂಗ್ಲಿಷ್ ಬಿಷಪ್‌ಗಳನ್ನು ಬೈಯುವ ಬಾಯಿಯೂ ಇತ್ತು. ಸಿರಿವಂತರ ಮನೆಗಳಲ್ಲಿ ಹಳೇ ವೆಲ್ಷ್ ಹಸ್ತಪ್ರತಿಗಳನ್ನು ನಕಲು ಮಾಡುತ್ತಲೇ ಸವೆದ. ಕಡೆಗೆ ವರ್ಷಕ್ಕೆ 20 ಪೌಂಡ್ ಆಸರೆಗಾಗಿ ತನ್ನ ಸಂಗ್ರಹವನ್ನೆಲ್ಲ ಪಾಲ್ ಪ್ಯಾಂಟನ್ ಎಂಬ ಜಮೀನ್ದಾರನಿಗೆ ಬಿಟ್ಟುಕೊಟ್ಟ. ಆ ಬೈಗುಳಕ್ಕೆ ಕಾರಣ ಇರಲಿಲ್ಲ ಎನ್ನಬೇಡ. 1766ರಲ್ಲಿ ಆಂಗ್ಲ್‌ಸಿಯ ಟ್ರೆವ್‌ಡ್ರಾಯ್ತ್‌ಗೆ ಬಂದ ಥಾಮಸ್ ಬೌಲ್ಸ್ ಎಂಬ ವಯಸ್ಸಾದ ಪಾದ್ರಿಗೆ ವೆಲ್ಷ್ ಒಂದಕ್ಷರ ಬಾರದು. ಸುಮಾರು ಐನೂರು ಜನರ ಪ್ಯಾರಿಷ್‌ನಲ್ಲಿ ಇಂಗ್ಲಿಷ್ ಬಲ್ಲವರು ಐದು ಮಂದಿ. ಊರವರು ಕೋರ್ಟಿಗೆ ಹೋದರು. 1773ರಲ್ಲಿ ತೀರ್ಪು ಬಂತು: ಇಂಥ ಊರಿಗೆ ವೆಲ್ಷ್ ಬಾರದವನನ್ನು ಕಳಿಸಬಾರದು, ಸರಿ; ಆದರೆ ಬಂದು ಕೂತವನನ್ನು ಎಬ್ಬಿಸುವ ಹಾಗಿಲ್ಲ! ಆ ವರ್ಷಗಳಲ್ಲಿ ಟ್ರೆವ್‌ಡ್ರಾಯ್ತ್‌ನ ಒಂದು ಭಾನುವಾರ ಹೇಗಿದ್ದಿರಬಹುದು ಎಂದು ಊಹಿಸು. ಅರ್ಥವಾಗದ ಪ್ರಸಂಗಕ್ಕೆ ಕೂತವರು ಏನು ಮಾಡುತ್ತಿದ್ದರು? ನೀನು ಕನ್ನಡದವಳು. ಅರ್ಥವಾಗದ ಭಾಷೆಯ ಮುಂದೆ ಭಕ್ತಿಯಿಂದ ಕೈಕಟ್ಟಿ ಕೂರುವುದು ಏನೆಂದು ನಿನಗೆ ಗೊತ್ತಿಲ್ಲದ್ದೇನಲ್ಲ.

ನೀನು ವೇಲ್ಸಿನ ಪಾದ್ರಿ-ಕವಿ ಆರ್. ಎಸ್. ಥಾಮಸ್ ಬಗ್ಗೆ ಕೇಳಿದ್ದೆ. ಅವನ ಕವಿತೆಗಳ ವಿಷಯ ಬೇರೆ ಪತ್ರದಲ್ಲಿ. ಒಂದು ಮಾತ್ರ ಹೇಳುತ್ತೇನೆ. ಮನಾವೊನ್‌ನ ಪಾದ್ರಿಯಾಗಿದ್ದಾಗ ವೆಲ್ಷ್ ಕಲಿತ, ದೊಡ್ಡವನಾದ ಮೇಲೆ. ಮುಂದೆ ಆ ಕಲಿತ ಭಾಷೆಯಲ್ಲೇ ಆತ್ಮಕತೆ ಬರೆದ, ತನ್ನನ್ನು "ಅವನು" ಎಂದು ಕರೆದುಕೊಂಡು. ಅದಕ್ಕಿಟ್ಟ ಹೆಸರು "ನೆಬ್", ಅಂದರೆ ಯಾರೂ ಅಲ್ಲ. ಕವಿತೆಗೆ ಮಾತ್ರ ಇಂಗ್ಲಿಷೇ ಒದಗುತ್ತಿತ್ತು, ಅದರ ಸಂಕಟ ಕೊನೆಯ ತನಕ ಇತ್ತು. ನಿನ್ನ ಕಾದಂಬರಿಯ ಪಾದ್ರಿ ಪುಟಪುಟಕ್ಕೂ "ನಾನು, ನಾನು" ಎನ್ನುತ್ತಾನೆ. ಅದನ್ನು ಬದಲಾಯಿಸು ಎಂದು ಹೇಳುತ್ತಿಲ್ಲ, ಯಾಕೆ ಎಂದು ಕೇಳುತ್ತಿದ್ದೇನೆ.

ಈಗ ಕೆಲಸದ ಮಾತು. ದಿನಚರಿಯನ್ನು ಒಂಟಿಯಾಗಿ ಓದಬೇಡ. ಅದೇ ಊರಿನ ಅದೇ ವರ್ಷದ ದೀಕ್ಷೆ, ಮದುವೆ, ಸಾವಿನ ರಿಜಿಸ್ಟರ್ ಪಕ್ಕದಲ್ಲಿಟ್ಟುಕೋ. ಪಾದ್ರಿ ತನ್ನ ಕೋಣೆಯಲ್ಲಿ ಚಂದದ ಸೂರ್ಯಾಸ್ತ ಬರೆದ ದಿನ, ಸಾವಿನ ರಿಜಿಸ್ಟರಿನಲ್ಲಿ ಅದೇ ಕೈಬರಹ ಮೂರು ತಿಂಗಳ ಕೂಸಿನ ಹೆಸರು ಬರೆದಿರಬಹುದು. ಎರಡನ್ನೂ ಬರೆದವನು ಒಬ್ಬನೇ. ಆ ಎರಡು ಬರಹದ ನಡುವೆ ನಿನಗೆ ಬೇಕಾದಷ್ಟು ಜಾಗ ಇದೆ, ಸೇಂಟ್ ಹಾರ್ಮನ್‌ನ ಬೀಗ ಒಡೆಯಬೇಕಾಗಿಲ್ಲ. ಟೈಪ್ ಮಾಡಬೇಡ, ಪೆನ್ಸಿಲಿನಲ್ಲಿ ನಕಲು ಮಾಡು. ನಿಧಾನವಾಗುತ್ತದೆ, ಆಗಲಿ. ಇವಾನ್ಸ್ ಜೀವಮಾನ ಮಾಡಿದ್ದು ಅದನ್ನೇ.

ಮತ್ತೆ ಈ ಫೆಬ್ರವರಿಯಲ್ಲಿ ಕ್ಲೈರೋಗೆ ಹೋಗು. ಅಲ್ಲಿಂದ ಬೆಟುಸ್‌ಗೆ ಗಾಡಿ ಹತ್ತದೆ ನಡೆ. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಉಸಿರು ಕಟ್ಟಿತು, ಯಾವ ತಿರುವಿನಲ್ಲಿ ಗಾಳಿ ಮುಖಕ್ಕೆ ಹೊಡೆಯಿತು ಎಂದು ಬರೆದು ಕಳಿಸು. ಎರಡು ಪುಟ ಸಾಕು. ಈ ಮೂವತ್ತರ ಮಾತು ಆಮೇಲೆ. ಮಫ್ಲರ್ ಮರೆಯಬೇಡ.

ನಿನ್ನ
ಅಕ್ಕ